ಕಾಲಿನ ಉಬ್ಬುನರದ ಚಿಕಿತ್ಸೆ: ಮುಂಗಡ ಕಟ್ಟುವ ಮೊದಲು ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಗ್ರಾಮ ಪಂಚಾಯತಿ ಸದಸ್ಯರ ಮನೆಯ ಜಗಲಿಗೆ ಬೆಳಗಿನ ಹೊತ್ತು ಬರುವವರಲ್ಲಿ ಆಸ್ಪತ್ರೆಯ ಕಾಗದ ಹಿಡಿದು ಬರುವವರು ಕಡಿಮೆಯೇನಲ್ಲ. ಹೃದಯ, ಮೂತ್ರಪಿಂಡ, ಕ್ಯಾನ್ಸರ್‌ನಂತಹ ಕಾಯಿಲೆಗಳಿಗೆ ಸರ್ಕಾರದ ಯಾವ ನೆರವಿದೆ, ಯಾರನ್ನು ಕೇಳಬೇಕು ಎಂಬುದು ಬಹುತೇಕ ಸದಸ್ಯರಿಗೆ ಈಗ ತಿಳಿದಿದೆ. ಜೀವಕ್ಕೆ ತಕ್ಷಣದ ಅಪಾಯ ತಾರದೆ, ದುಡಿಯುವ ಶಕ್ತಿಯನ್ನು ಮಾತ್ರ ವರ್ಷಗಟ್ಟಲೆ ಸವೆಸುವ ಕಾಯಿಲೆಗಳ ವಿಷಯದಲ್ಲಿ ಅಷ್ಟು ಸ್ಪಷ್ಟತೆ ಇಲ್ಲ. ಕಾಲಿನ ರಕ್ತನಾಳಗಳು ಹಗ್ಗದಂತೆ ಉಬ್ಬಿ ಸುರುಳಿ ಸುತ್ತಿಕೊಳ್ಳುವ ವೆರಿಕೋಸ್ ವೇನ್ಸ್ ಅಂತಹ ಒಂದು ಕಾಯಿಲೆ. ‘ಕಾಲಿನ ನರ ಉಬ್ಬಿದೆ’, ‘ನರ ಗಂಟು ಕಟ್ಟಿದೆ’ ಎಂದು ಜನರು ಹೇಳುವುದು ಇದನ್ನೇ. ವಾಸ್ತವವಾಗಿ ಅದು ನರವಲ್ಲ, ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಅಭಿಧಮನಿ.

ಈ ಚಿಕಿತ್ಸೆಗೆ ಕುಟುಂಬವೊಂದು ಎಷ್ಟು ಹಣ ತೆರುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಾಯಿಲೆಯ ತೀವ್ರತೆಯಲ್ಲ. ರೋಗಿಯು ಮೊದಲು ತಟ್ಟಿದ ಬಾಗಿಲು. ಒಂದೇ ಊರಿನ, ಒಂದೇ ಬಗೆಯ ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಎರಡು ಕುಟುಂಬಗಳನ್ನು ಊಹಿಸಬಹುದು. ಮೊದಲನೆಯ ಮನೆಯವರು ಬಸ್ ನಿಲ್ದಾಣದ ಬಳಿಯ ಫಲಕ ನೋಡಿ ನಗರದ ಖಾಸಗಿ ಚಿಕಿತ್ಸಾಲಯಕ್ಕೆ ಹೋಗಿ, ಕಿವಿಯೋಲೆ ಅಡವಿಟ್ಟು ಮುಂಗಡ ಕಟ್ಟಿ, ಉಳಿದದ್ದನ್ನು ಕಂತಿನಲ್ಲಿ ತೀರಿಸುವುದಾಗಿ ಒಪ್ಪಿ ಲೇಸರ್ ಚಿಕಿತ್ಸೆ ಮಾಡಿಸುತ್ತಾರೆ. ಎರಡನೆಯ ಮನೆಯವರು ತಾಲ್ಲೂಕು ಆಸ್ಪತ್ರೆಯ ಶಸ್ತ್ರಚಿಕಿತ್ಸಕರಿಗೆ ತೋರಿಸಿ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿಗೋ ಹೋಗಿ, ಕೆಲವು ವಾರ ಕಾದು, ಬಸ್ ಖರ್ಚು ಮತ್ತು ಕೂಲಿ ನಷ್ಟದ ಹೊರತು ಬೇರೆ ವೆಚ್ಚವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುತ್ತಾರೆ. ಮೊದಲನೆಯ ಕುಟುಂಬವು ಬಿಲ್ ಹಿಡಿದು ಸದಸ್ಯರ ಬಳಿ ಬರುವ ಹೊತ್ತಿಗೆ ಮಾಡಬಹುದಾದದ್ದು ಬಹಳ ಉಳಿದಿರುವುದಿಲ್ಲ. ರಾಜ್ಯದ ಆರೋಗ್ಯ ಯೋಜನೆಯು ನಗದುರಹಿತ ಯೋಜನೆ. ರೋಗಿಯು ತಾನಾಗಿ ಖರ್ಚು ಮಾಡಿದ ಹಣವನ್ನು ಅದು ನಂತರ ಮರುಪಾವತಿಸುವುದಿಲ್ಲ. ಈ ಒಂದು ನಿಯಮವು ಗ್ರಾಮದ ಎಲ್ಲರಿಗೂ ಮೊದಲೇ ತಿಳಿದಿದ್ದರೆ ಅದೆಷ್ಟೋ ಅಡವುಗಳು ತಪ್ಪುತ್ತವೆ.

ಕಾಯಿಲೆಯ ಸ್ವರೂಪ

ಕುಡಿಯುವ ನೀರಿನ ಯೋಜನೆಯನ್ನು ನೋಡಿಕೊಳ್ಳುವ ಸದಸ್ಯರಿಗೆ ಈ ಕಾಯಿಲೆಯನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಬಾವಿಗೆ ಇಳಿಬಿಟ್ಟ ಪಂಪಿನ ಕೊಳವೆಯ ತುದಿಯಲ್ಲಿ ಫುಟ್ ವಾಲ್ವ್ ಇರುತ್ತದೆ. ಮೇಲೇರಿದ ನೀರು ಪಂಪು ನಿಂತೊಡನೆ ಕೆಳಗೆ ಜಾರದಂತೆ ಅದು ತಡೆಯುತ್ತದೆ. ಕಾಲಿನ ಅಭಿಧಮನಿಗಳ ಉದ್ದಕ್ಕೂ ಇಂತಹ ಏಕಮುಖ ಕವಾಟಗಳು ಸಾಲಾಗಿವೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತವೆ. ಆ ಸ್ನಾಯುಗಳೇ ಇಲ್ಲಿ ಪಂಪು. ಕವಾಟಗಳು ಸಡಿಲವಾದರೆ ಮೇಲೇರಿದ ರಕ್ತವು ಮತ್ತೆ ಕೆಳಗಿಳಿದು ನಿಲ್ಲುತ್ತದೆ, ಒತ್ತಡ ಹೆಚ್ಚುತ್ತದೆ, ಚರ್ಮದ ಕೆಳಗಿನ ನಾಳಗಳು ಹಿಗ್ಗುತ್ತವೆ. ನಿಂತಲ್ಲೇ ನಿಂತಿರುವವರಲ್ಲಿ ಪಂಪು ಕೆಲಸ ಮಾಡುವುದಿಲ್ಲ, ಒತ್ತಡ ಮಾತ್ರ ಇರುತ್ತದೆ. ಆದ್ದರಿಂದಲೇ ದಿನವಿಡೀ ನಿಂತು ದುಡಿಯುವವರಲ್ಲಿ ತೊಂದರೆ ಬೇಗ ಎದ್ದು ಕಾಣುತ್ತದೆ. ಹೋಟೆಲಿನ ಅಡುಗೆಯವರು, ರೇಷ್ಮೆ ಬಿಚ್ಚಣಿಕೆ ಘಟಕದ ಕಾರ್ಮಿಕರು, ಸಿದ್ಧ ಉಡುಪು ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು, ಇಸ್ತ್ರಿ ಅಂಗಡಿಯವರು, ಬಸ್ ನಿರ್ವಾಹಕರು, ಶಿಕ್ಷಕರು ಎಲ್ಲರೂ ಈ ಸಾಲಿನಲ್ಲಿದ್ದಾರೆ. ಪಂಚಾಯತಿಯ ನೀರುಗಂಟಿ ಮತ್ತು ಸ್ವಚ್ಛತಾ ಸಿಬ್ಬಂದಿಯೂ ಇದಕ್ಕೆ ಹೊರತಲ್ಲ. ವಂಶಪಾರಂಪರ್ಯ, ದೇಹದ ತೂಕ, ವಯಸ್ಸು ಮತ್ತು ಹಲವು ಹೆರಿಗೆಗಳು ಇತರ ಕಾರಣಗಳು. ಗರ್ಭಿಣಿಯರಲ್ಲಿ ಕಾಣಿಸಿಕೊಂಡ ಉಬ್ಬು ಹೆರಿಗೆಯಾದ ಕೆಲವು ತಿಂಗಳುಗಳಲ್ಲಿ ಬಹುಪಾಲು ಇಳಿಯುವುದುಂಟು; ಆ ಅವಧಿಯಲ್ಲಿ ಶಸ್ತ್ರಚಿಕಿತ್ಸೆಗೆ ಆತುರಪಡುವ ಅಗತ್ಯವಿಲ್ಲ.

ಮೊದಲ ಹಂತದಲ್ಲಿ ಕಾಣುವುದು ಸಂಜೆಯ ಹೊತ್ತಿಗೆ ಕಾಲು ಭಾರವಾಗುವುದು, ಸೆಳೆತ, ಪಾದದ ಬಾವು, ತುರಿಕೆ. ನಂತರ ಕಣಕಾಲಿನ ಸುತ್ತ ಚರ್ಮವು ಕಪ್ಪಾಗಿ ಗಡುಸಾಗುತ್ತದೆ. ಕೊನೆಯ ಹಂತದಲ್ಲಿ, ಸಾಮಾನ್ಯವಾಗಿ ಕಣಕಾಲಿನ ಒಳಬದಿಯಲ್ಲಿ, ಹುಣ್ಣಾಗುತ್ತದೆ. ಅದು ಒಣಗಿದಂತೆ ಕಂಡು ಮತ್ತೆ ಬಿರಿಯುತ್ತದೆ. ಇಂತಹ ಹುಣ್ಣಿನೊಂದಿಗೆ ವರ್ಷಗಟ್ಟಲೆ ಬದುಕಿ, ಮುಲಾಮು, ನಾಟಿ ಔಷಧ, ಪ್ರತಿಜೀವಕ ಮಾತ್ರೆ ಎಂದು ತಿಂಗಳು ತಿಂಗಳು ಖರ್ಚು ಮಾಡುವವರು ಪ್ರತಿ ಊರಿನಲ್ಲೂ ಒಬ್ಬಿಬ್ಬರಾದರೂ ಸಿಗುತ್ತಾರೆ. ಹುಣ್ಣಿಗೆ ಮೂಲ ಕಾರಣವಾದ ನಾಳದ ಒತ್ತಡವನ್ನು ಮುಟ್ಟದೆ ಮೇಲಿನ ಗಾಯಕ್ಕಷ್ಟೇ ಮಾಡುವ ಖರ್ಚು ಸೋರುವ ಕೊಳವೆಯ ಕೆಳಗೆ ಬಕೆಟ್ ಇಟ್ಟಂತೆ.

ಈ ಹಂತದಲ್ಲಿ ತಡಮಾಡುವುದರ ಬೆಲೆ ಎಷ್ಟೆಂಬುದನ್ನು ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಇವ್ರಾ’ ಎಂಬ ಅಧ್ಯಯನವು ತೋರಿಸಿದೆ. ಕಾಲಿನ ಹುಣ್ಣಿದ್ದ 450 ರೋಗಿಗಳನ್ನು ಎರಡು ಗುಂಪು ಮಾಡಿ, ಎರಡಕ್ಕೂ ಒತ್ತುಪಟ್ಟಿ ಕಟ್ಟಲಾಯಿತು. ಒಂದು ಗುಂಪಿಗೆ ಮಾತ್ರ ಸೋರುವ ನಾಳವನ್ನು ಬೇಗನೆ ಮುಚ್ಚುವ ಚಿಕಿತ್ಸೆಯನ್ನೂ ನೀಡಲಾಯಿತು. ಬೇಗ ಚಿಕಿತ್ಸೆ ಪಡೆದವರಲ್ಲಿ ಹುಣ್ಣು ಒಣಗಲು ಹಿಡಿದ ಮಧ್ಯಮ ಅವಧಿ 56 ದಿನ. ಚಿಕಿತ್ಸೆಯನ್ನು ಮುಂದೂಡಿದವರಲ್ಲಿ 82 ದಿನ. ಕೂಲಿ ಮಾಡುವ ಮನೆಗೆ ಈ 26 ದಿನಗಳು ಸಣ್ಣ ಅಂತರವಲ್ಲ.

ಎಲ್ಲ ಕಾಲು ಬಾವೂ ಇದೇ ಕಾಯಿಲೆಯಲ್ಲ ಎಂಬುದನ್ನೂ ಗಮನದಲ್ಲಿಡಬೇಕು. ಕಲಬುರಗಿ, ಯಾದಗಿರಿ, ಬೀದರ್ ಹಾಗೂ ಕರಾವಳಿಯ ಜಿಲ್ಲೆಗಳಲ್ಲಿ ಅದು ಆನೆಕಾಲು ರೋಗದ ಬಾವಾಗಿರಬಹುದು. ಮಧುಮೇಹಿಗಳ ಪಾದದ ಹುಣ್ಣಿಗೆ ಕಾರಣವೂ ಬೇರೆ, ಚಿಕಿತ್ಸೆಯೂ ಬೇರೆ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋವು ಕಾಣಿಸಿಕೊಂಡರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿದೆ. ಅದರೊಂದಿಗೆ ಉಸಿರಾಟದ ತೊಂದರೆಯೂ ಸೇರಿದರೆ ಅದು ತುರ್ತು ಸ್ಥಿತಿ, ಒಡನೆಯೇ 108ಕ್ಕೆ ಕರೆ ಮಾಡಬೇಕು. ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದಾಗ ಮನೆಯವರು ಗಾಬರಿಯಿಂದ ರೋಗಿಯನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ. ಹಾಗೆ ಮಾಡಿದರೆ ರಕ್ತಸ್ರಾವ ಹೆಚ್ಚುತ್ತದೆ. ಮಲಗಿಸಿ, ಕಾಲನ್ನು ಎತ್ತರದಲ್ಲಿರಿಸಿ, ಶುಭ್ರ ಬಟ್ಟೆಯಿಂದ ಆ ಜಾಗವನ್ನು ಒತ್ತಿ ಹಿಡಿದು 108 ಆಂಬುಲೆನ್ಸ್‌ಗೆ ತಿಳಿಸಬೇಕು.

ಖರ್ಚು ಎಲ್ಲಿ ಬೀಳುತ್ತದೆ

ಚರ್ಮದ ಮೇಲೆ ಜೇಡರ ಬಲೆಯಂತೆ ಕಾಣುವ ಸಣ್ಣ ನೀಲಿ ಗೆರೆಗಳಿಗೂ, ನೋವಿಲ್ಲದ ಉಬ್ಬಿಗೂ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ನಡಿಗೆ, ತೂಕದ ನಿಯಂತ್ರಣ, ಮಲಗುವಾಗ ಕಾಲಡಿಗೆ ದಿಂಬು, ಹಗಲಿನಲ್ಲಿ ಬಿಗಿಯಾದ ವೈದ್ಯಕೀಯ ಕಾಲುಚೀಲ ಇಷ್ಟರಿಂದಲೇ ಅನೇಕರು ದುಡಿಮೆ ಮುಂದುವರಿಸಿಕೊಂಡು ಹೋಗಬಲ್ಲರು. ಸ್ಟಾಕಿಂಗ್ಸ್ ಎಂದು ಕರೆಯುವ ಈ ಕಾಲುಚೀಲಕ್ಕೆ ಜೊತೆಗೆ ಸಾಮಾನ್ಯವಾಗಿ ಸಾವಿರದಿಂದ ಮೂರು ಸಾವಿರ ರೂಪಾಯಿ ಆಗುತ್ತದೆ. ಆರು ತಿಂಗಳಲ್ಲಿ ಅದರ ಬಿಗಿ ಸಡಿಲವಾಗುವುದರಿಂದ ಹೊಸದು ಬೇಕಾಗುತ್ತದೆ. ಔಷಧದ ಅಂಗಡಿಯಲ್ಲಿ ಅಂದಾಜಿನ ಮೇಲೆ ಕೊಳ್ಳುವುದು ಸರಿಯಲ್ಲ, ಕಾಲಿನ ಅಳತೆ ತೆಗೆಸಬೇಕು. ಪಾದಕ್ಕೆ ರಕ್ತ ಒಯ್ಯುವ ಅಪಧಮನಿಯೇ ಕಿರಿದಾಗಿರುವವರಿಗೆ, ವಿಶೇಷವಾಗಿ ಧೂಮಪಾನಿಗಳು ಮತ್ತು ಮಧುಮೇಹಿಗಳಿಗೆ, ಬಿಗಿ ಚೀಲ ಅಪಾಯ ತರಬಹುದು. ಆದ್ದರಿಂದ ವೈದ್ಯರು ಪಾದದ ನಾಡಿ ನೋಡಿದ ನಂತರವೇ ಅದನ್ನು ಧರಿಸಬೇಕು.

ಮುಂದಿನ ಚಿಕಿತ್ಸೆಗೆ ಡಾಪ್ಲರ್ ಸ್ಕ್ಯಾನ್ ಆಧಾರ. ಯಾವ ನಾಳದ ಯಾವ ಕವಾಟ ಸೋರುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಈ ಸ್ಕ್ಯಾನ್ ಇಲ್ಲದೆ ನೇರವಾಗಿ ಶಸ್ತ್ರಚಿಕಿತ್ಸೆಯ ದಿನಾಂಕ ಕೊಡುವವರ ಬಗ್ಗೆ ಎಚ್ಚರವಿರಬೇಕು. ಚಿಕಿತ್ಸೆಯ ವಿಧಾನಗಳು ಮುಖ್ಯವಾಗಿ ಮೂರು. ತೊಡೆಸಂದಿಯಲ್ಲಿ ನಾಳವನ್ನು ಕಟ್ಟಿ ಕೆಟ್ಟ ಭಾಗವನ್ನು ತೆಗೆಯುವ ಹಳೆಯ ಶಸ್ತ್ರಚಿಕಿತ್ಸೆ ಒಂದು. ಇದನ್ನು ಸರ್ಕಾರಿ ಆಸ್ಪತ್ರೆಗಳ ಸಾಮಾನ್ಯ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ಮಾಡುತ್ತಾರೆ. ನಾಳದೊಳಗೆ ಸಣ್ಣ ತಂತು ತೂರಿಸಿ ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ಅದನ್ನು ಒಳಗಿನಿಂದಲೇ ಮುಚ್ಚುವುದು ಎರಡನೆಯದು. ಔಷಧಿಯ ನೊರೆಯನ್ನು ಚುಚ್ಚಿ ನಾಳ ಕುಗ್ಗಿಸುವುದು ಮೂರನೆಯದು. ಇದು ಸಣ್ಣ ನಾಳಗಳಿಗೆ ಹೆಚ್ಚು ಅನುಕೂಲ, ಕೆಲವೊಮ್ಮೆ ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ.

ನಗರದ ಖಾಸಗಿ ಆಸ್ಪತ್ರೆಗಳಲ್ಲಿ ಲೇಸರ್ ಚಿಕಿತ್ಸೆಗೆ ಒಂದು ಕಾಲಿಗೆ ಸುಮಾರು 50,000 ರೂಪಾಯಿಯಿಂದ ಒಂದು ಲಕ್ಷದ ಆಚೆಗೂ ಕೇಳುವುದುಂಟು. ಒಬ್ಬ ರೋಗಿಗೆ ಒಮ್ಮೆ ಮಾತ್ರ ಬಳಸುವ ಲೇಸರ್ ತಂತು ಅಥವಾ ಕೆಥೆಟರ್‌ನ ಬೆಲೆಯೇ ಅದರಲ್ಲಿ ದೊಡ್ಡ ಪಾಲು. ಲೇಸರ್‌ನಿಂದ ಅನುಕೂಲವಿಲ್ಲವೆಂದಲ್ಲ: ದೊಡ್ಡ ಗಾಯವಿಲ್ಲ, ಬಹುತೇಕ ಅದೇ ದಿನ ಮನೆಗೆ ಹೋಗಬಹುದು, ಕೆಲವೇ ದಿನಗಳಲ್ಲಿ ಕೆಲಸಕ್ಕೆ ಮರಳಬಹುದು. ಆದರೆ ‘ಲೇಸರ್ ಮಾಡಿಸಿದರೆ ಮತ್ತೆಂದೂ ಬರುವುದಿಲ್ಲ’ ಎಂಬ ಮಾತು ಸತ್ಯವಲ್ಲ. ಯಾವ ವಿಧಾನದ ನಂತರವೂ ಬೇರೆ ನಾಳಗಳು ಉಬ್ಬುವ ಸಾಧ್ಯತೆ ಉಳಿದಿರುತ್ತದೆ. ಹಳೆಯ ಶಸ್ತ್ರಚಿಕಿತ್ಸೆಯನ್ನು ‘ಹಳೆಯದು’ ಎಂಬ ಕಾರಣಕ್ಕಾಗಿಯೇ ತಳ್ಳಿಹಾಕಿ ಸಾಲಕ್ಕೆ ಬೀಳುವುದು ವಿವೇಕವಲ್ಲ.

ಬಿಲ್ಲಿನಲ್ಲಿ ಕಾಣದ ಖರ್ಚು ಇನ್ನೊಂದಿದೆ. ಹಳೆಯ ವಿಧಾನದ ಶಸ್ತ್ರಚಿಕಿತ್ಸೆಯ ನಂತರ ಭಾರದ ಕೆಲಸಕ್ಕೆ ಎರಡು ಮೂರು ವಾರ ಹೋಗಲಾಗದು. 2025-26ರಲ್ಲಿ ರಾಜ್ಯದ ಉದ್ಯೋಗ ಖಾತರಿ ದಿನಗೂಲಿ 370 ರೂಪಾಯಿ. ಆ ದರದಲ್ಲಿ ಲೆಕ್ಕ ಹಾಕಿದರೂ 18 ಕೆಲಸದ ದಿನಗಳಿಗೆ 6,660 ರೂಪಾಯಿ ಆಗುತ್ತದೆ. ಜೊತೆಗೆ ಬರುವವರ ಕೂಲಿ, ಬಸ್ಸು, ಊಟ ಸೇರಿದರೆ ‘ಉಚಿತ’ ಶಸ್ತ್ರಚಿಕಿತ್ಸೆಗೂ ಎಂಟು ಹತ್ತು ಸಾವಿರ ರೂಪಾಯಿಯ ಹೊರೆ ಬೀಳುತ್ತದೆ. ಯೋಜನೆ ಇದ್ದೂ ಬಡವರು ಚಿಕಿತ್ಸೆ ಮುಂದೂಡುವುದಕ್ಕೆ ಇದೇ ಮುಖ್ಯ ಕಾರಣ. ನಾಟಿ ಮತ್ತು ಕೊಯ್ಲಿನ ನಡುವಿನ ಬಿಡುವಿನಲ್ಲಿ ದಿನಾಂಕ ಕೇಳಿ ಪಡೆಯುವಂತೆ ಸದಸ್ಯರು ಸಲಹೆ ನೀಡಿದರೆ ಅದೂ ಒಂದು ನೆರವೇ.

ಹಣದ ದಾರಿಗಳು

2018ರ ಮಾರ್ಚ್ 2ರಂದು ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯು ಅದೇ ವರ್ಷ ಅಕ್ಟೋಬರ್ 30ರಿಂದ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ಸೇರಿ ಜಾರಿಯಲ್ಲಿದೆ. 2023ರ ಡಿಸೆಂಬರ್‌ನಿಂದ ಅದಕ್ಕೆ ‘ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ – ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ’ ಎಂಬ ಹೆಸರಿದೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಿರ್ವಹಿಸುತ್ತದೆ. ಆಹಾರ ಭದ್ರತಾ ಕಾಯ್ದೆಯಡಿ ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ, ಅಂದರೆ ರೂಢಿಯಲ್ಲಿ ಬಿ.ಪಿ.ಎಲ್. ಮತ್ತು ಅಂತ್ಯೋದಯ ಎನ್ನುವವರಿಗೆ, ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆ ದೊರೆಯುತ್ತದೆ. ಉಳಿದ ಕುಟುಂಬಗಳಿಗೆ ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಯೋಜನೆ ಭರಿಸುತ್ತದೆ. ಉದಾಹರಣೆಗೆ, ಒಂದು ಚಿಕಿತ್ಸೆಯ ಪ್ಯಾಕೇಜ್ ದರ 30,000 ರೂಪಾಯಿ ಎಂದಿದ್ದರೆ ಎ.ಪಿ.ಎಲ್. ಕುಟುಂಬಕ್ಕೆ ಸಿಗುವುದು 9,000. ಕೈಯಿಂದ ಕೊಡಬೇಕಾದದ್ದು 21,000.

ಇಲ್ಲಿ ಬಹಳ ಜನ ಎಡವುವುದು ಕ್ರಮದ ವಿಷಯದಲ್ಲಿ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಉಬ್ಬುನರದ ಶಸ್ತ್ರಚಿಕಿತ್ಸೆಯು ದಿನಾಂಕ ಗೊತ್ತುಮಾಡಿ ನಡೆಸುವಂಥದ್ದು. ಆದ್ದರಿಂದ ಪಡಿತರ ಚೀಟಿ ಮತ್ತು ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಚಿಕಿತ್ಸೆ ಲಭ್ಯವಿದ್ದರೆ ಅಲ್ಲಿಯೇ ಆಗುತ್ತದೆ. ಇಲ್ಲದಿದ್ದರೆ ರೆಫರಲ್ ಪತ್ರ ಕೊಡುತ್ತಾರೆ. ಆ ಪತ್ರದೊಂದಿಗೆ ನೋಂದಾಯಿತ ಆಸ್ಪತ್ರೆಗೆ ಹೋಗಿ ಅಲ್ಲಿನ ಆರೋಗ್ಯ ಮಿತ್ರರನ್ನು ಕಾಣಬೇಕು. ಆಸ್ಪತ್ರೆಯು ಟ್ರಸ್ಟಿನ ಪೂರ್ವಾನುಮತಿ ಪಡೆದ ನಂತರವೇ ಶಸ್ತ್ರಚಿಕಿತ್ಸೆ. ‘ಮೊದಲು ಹಣ ಕಟ್ಟಿ, ಆಮೇಲೆ ಕಾರ್ಡಿನಲ್ಲಿ ನೋಡೋಣ’ ಎಂದು ಯಾರೇ ಹೇಳಿದರೂ ಅಲ್ಲಿ ಹಣ ಕಟ್ಟಬಾರದು. ಯೋಜನೆಯಡಿ ಯಾವ ವಿಧಾನಕ್ಕೆ ಅನುಮತಿ ಸಿಕ್ಕಿದೆ, ನಾಳ ಕಟ್ಟಿ ತೆಗೆಯುವುದಕ್ಕೋ ಲೇಸರ್‌ಗೋ, ಎಂಬುದನ್ನೂ ಆರೋಗ್ಯ ಮಿತ್ರರಿಂದಲೇ ಖಚಿತಪಡಿಸಿಕೊಳ್ಳಬೇಕು. ಅನುಮತಿ ಒಂದಕ್ಕಿದ್ದು, ‘ಲೇಸರ್ ಆದರೆ ವ್ಯತ್ಯಾಸದ ಹಣ ಕೊಡಿ’ ಎಂದು ಕೇಳಿದರೆ ಸಹಿ ಹಾಕುವ ಮೊದಲು ಸಹಾಯವಾಣಿಗೆ ಕರೆ ಮಾಡುವುದು ಒಳ್ಳೆಯದು.

ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ ಮುಂತಾದ ಬೋಧನಾ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸಾ ವಿಭಾಗಗಳಿವೆ. ಸರದಿ ಉದ್ದವಿರುವುದು ನಿಜ. ಕಾಯುವ ವಾರಗಳಲ್ಲಿ ವೈದ್ಯರ ಸೂಚನೆಯಂತೆ ಒತ್ತುಪಟ್ಟಿ ಕಟ್ಟಿಕೊಂಡಿದ್ದರೆ ಕಾಲಿನ ಸ್ಥಿತಿ ಹದಗೆಡುವುದು ಕಡಿಮೆ.

ಪಡಿತರ ಚೀಟಿಯಲ್ಲಿ ಹೆಸರಿಲ್ಲದಿರುವುದು ಇನ್ನೊಂದು ಸಾಮಾನ್ಯ ತೊಡಕು. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಚೀಟಿಯಿಂದ ತೆಗೆಸಿರುವುದಿಲ್ಲ, ಗಂಡನ ಮನೆಯ ಚೀಟಿಗೆ ಸೇರಿಸಿಯೂ ಇರುವುದಿಲ್ಲ. ಎರಡು ಮೂರು ಹೆರಿಗೆಗಳ ನಂತರ ಕಾಲಿನ ತೊಂದರೆ ಶುರುವಾಗುವುದು ಇದೇ ಹೆಣ್ಣುಮಕ್ಕಳಿಗೆ. ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗ ಈ ಕೊರತೆ ಗೊತ್ತಾದರೆ ತಿಂಗಳುಗಳೇ ಹೋಗುತ್ತವೆ. ತಿದ್ದುಪಡಿಗೆ ಅವಕಾಶ ತೆರೆದಾಗ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಹಾಕಿಸುವುದನ್ನು ವಾರ್ಡಿನ ಸದಸ್ಯರು ನೆನಪಿಸಬಹುದು.

ಎ.ಪಿ.ಎಲ್. ಚೀಟಿಯ ರೈತ ಕುಟುಂಬಗಳಿಗೆ ಯಶಸ್ವಿನಿ ಯೋಜನೆ ಹೆಚ್ಚು ಉಪಯುಕ್ತ. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡಿದ್ದ ಈ ಯೋಜನೆ ಮತ್ತೆ ಪ್ರತ್ಯೇಕವಾಗಿ ಆರಂಭಗೊಂಡು 2023ರ ಜನವರಿಯಿಂದ ಚಿಕಿತ್ಸೆ ಒದಗಿಸುತ್ತಿದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘ, ಹಾಲು ಉತ್ಪಾದಕರ ಸಂಘ ಮುಂತಾದ ಸಹಕಾರ ಸಂಘಗಳ ಸದಸ್ಯರು ಇದಕ್ಕೆ ಸೇರಬಹುದು. ಮರು ಆರಂಭದಲ್ಲಿ ಗ್ರಾಮೀಣ ಭಾಗಕ್ಕೆ ನಾಲ್ಕು ಜನರವರೆಗಿನ ಕುಟುಂಬಕ್ಕೆ 500 ರೂಪಾಯಿ, ಹೆಚ್ಚುವರಿ ಸದಸ್ಯರಿಗೆ ತಲಾ 100 ರೂಪಾಯಿ ವಾರ್ಷಿಕ ವಂತಿಗೆ ನಿಗದಿಯಾಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಕುಟುಂಬಕ್ಕೆ ವಾರ್ಷಿಕ ಮಿತಿ 5 ಲಕ್ಷ ರೂಪಾಯಿ. ಆದರೆ ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ. ಕಾಲು ನೋವು ಬಂದ ಮೇಲೆ ಸಂಘದ ಕಾರ್ಯದರ್ಶಿಯನ್ನು ಹುಡುಕಿದರೆ ಪ್ರಯೋಜನವಿಲ್ಲ. ನೋಂದಣಿಯ ದಿನಾಂಕ ಪ್ರಕಟವಾದೊಡನೆ ಹಾಲಿನ ಡೇರಿಯ ಗೋಡೆಗೆ ಚೀಟಿ ಅಂಟಿಸಿದರೆ ಸುದ್ದಿ ಊರೆಲ್ಲ ತಲಪುತ್ತದೆ.

ಕಾರ್ಖಾನೆಗೆ ಹೋಗುವವರು ತಮ್ಮ ಸಂಬಳದಿಂದ ಪ್ರತಿ ತಿಂಗಳೂ ಶೇ. 0.75ರಷ್ಟು ಕಡಿತವಾಗುತ್ತಿರುವುದನ್ನು ಅನೇಕ ವೇಳೆ ಗಮನಿಸಿರುವುದೇ ಇಲ್ಲ. ಅದು ಇ.ಎಸ್.ಐ. ವಂತಿಗೆ, ಮಾಲೀಕರು ಅದಕ್ಕೆ ಶೇ. 3.25 ಸೇರಿಸುತ್ತಾರೆ. ತಿಂಗಳಿಗೆ 21,000 ರೂಪಾಯಿವರೆಗಿನ ವೇತನದ ನೌಕರರು ಮತ್ತು ಅವರ ಅವಲಂಬಿತರಿಗೆ ಚಿಕಿತ್ಸೆ ದೊರೆಯುತ್ತದೆ. ಬೇರೆ ಯಾವ ಯೋಜನೆಯಲ್ಲೂ ಇಲ್ಲದ ಒಂದು ಅನುಕೂಲ ಇಲ್ಲಿದೆ: ನಿಗದಿತ ದಿನಗಳ ವಂತಿಗೆ ಕಟ್ಟಿರುವ ನೌಕರರಿಗೆ ವೈದ್ಯರು ಪ್ರಮಾಣೀಕರಿಸಿದ ರಜೆಯ ಅವಧಿಗೆ ವೇತನದ ಶೇ. 70ರಷ್ಟು ಅನಾರೋಗ್ಯ ಭತ್ಯೆ, ವರ್ಷಕ್ಕೆ 91 ದಿನಗಳವರೆಗೆ, ಸಿಗುತ್ತದೆ. ಉಡುಪು ಕಾರ್ಖಾನೆಗಳಲ್ಲಿ ನಿಂತು ಕೆಲಸ ಮಾಡುವ ಮಹಿಳೆಯರು ಇದನ್ನು ಕೇಳಿ ಪಡೆಯಬೇಕು. ಅವರೂ ಮೊದಲು ಹೋಗಬೇಕಾದದ್ದು ಇ.ಎಸ್.ಐ. ಚಿಕಿತ್ಸಾಲಯಕ್ಕೆ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡವರಿಗೆ ಮಂಡಳಿಯ ವೈದ್ಯಕೀಯ ನೆರವಿದೆ. ಇದು ಚಿಕಿತ್ಸೆಯ ನಂತರ ಅರ್ಜಿ ಹಾಕಿ ಪಡೆಯುವಂಥದ್ದಾದ್ದರಿಂದ ಮೂಲ ಬಿಲ್ಲುಗಳು ಮತ್ತು ಬಿಡುಗಡೆ ಪತ್ರವನ್ನು ಜೋಪಾನವಾಗಿಡಬೇಕು. ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ನೋಂದಣಿಗೆ ಅರ್ಹರು. ಮುಖ್ಯಮಂತ್ರಿಗಳ ಪರಿಹಾರ ನಿಧಿಯು ಬೇರೆ ದಾರಿಗಳು ಮುಚ್ಚಿದಾಗ ನೋಡಬೇಕಾದ ಬಾಗಿಲು. ಅದನ್ನೇ ಮೊದಲ ಭರವಸೆಯಾಗಿ ಇಟ್ಟುಕೊಳ್ಳಬಾರದು.

ಖಾಸಗಿ ಆರೋಗ್ಯ ವಿಮೆ ಹೊಂದಿರುವವರು ಪಾಲಿಸಿಯ ‘ಕಾಯುವ ಅವಧಿ’ ಓದಬೇಕು. ವೆರಿಕೋಸ್ ವೇನ್ಸ್‌ಗೆ ಮೊದಲ 24 ತಿಂಗಳು ಪರಿಹಾರವಿಲ್ಲ ಎಂಬ ಷರತ್ತು ಬಹಳಷ್ಟು ಪಾಲಿಸಿಗಳಲ್ಲಿದೆ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಅದು ಗರಿಷ್ಠ 36 ತಿಂಗಳಾಗಬಹುದು. ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಪರಿಹಾರ ಸಿಗದು.

ಇವೆಲ್ಲದರ ಆಚೆಗೆ ಖಾಸಗಿಯಲ್ಲಿಯೇ ಮಾಡಿಸಲು ಕುಟುಂಬ ನಿರ್ಧರಿಸಿದರೆ, ಅಂದಾಜು ವೆಚ್ಚವನ್ನು ಬರವಣಿಗೆಯಲ್ಲಿ ಕೇಳಬೇಕು. ದರ ಒಂದು ಕಾಲಿಗೋ ಎರಡಕ್ಕೋ, ಸ್ಕ್ಯಾನ್, ಅರಿವಳಿಕೆ, ತಂತು, ಕಾಲುಚೀಲ, ನಂತರದ ತಪಾಸಣೆ ಅದರಲ್ಲಿ ಸೇರಿವೆಯೋ ಇಲ್ಲವೋ ಎಂಬುದು ಅದರಲ್ಲಿ ಸ್ಪಷ್ಟವಿರಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಸಂಸ್ಥೆಗಳು ದರಪಟ್ಟಿಯನ್ನು ಪ್ರದರ್ಶಿಸಬೇಕು. ದೂರುಗಳಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ. ಬಡ್ಡಿಯಿಲ್ಲದ ಕಂತು ಎಂಬ ಜಾಹೀರಾತಿನಲ್ಲಿ ಸಂಸ್ಕರಣಾ ಶುಲ್ಕ ಮತ್ತು ಕಂತು ತಪ್ಪಿದಾಗಿನ ದಂಡ ಸಣ್ಣ ಅಕ್ಷರದಲ್ಲಿರುತ್ತವೆ. ಸಾಲ ಅನಿವಾರ್ಯವಾದರೆ ಸ್ವಸಹಾಯ ಗುಂಪಿನ ಆಂತರಿಕ ಸಾಲ ಅಥವಾ ಸಂಜೀವಿನಿ ಒಕ್ಕೂಟವು ಸಂಕಷ್ಟದ ಕುಟುಂಬಗಳಿಗಾಗಿ ಇಟ್ಟಿರುವ ನಿಧಿಯನ್ನು ಮೊದಲು ವಿಚಾರಿಸುವುದು ಲೇಸು. ವಾರದ ಕಂತಿನ ಸಾಲ ತೀರಿಸಲು ಗಾಯ ಮಾಯುವ ಮೊದಲೇ ಕೂಲಿಗೆ ಹೋಗಬೇಕಾದರೆ ಶಸ್ತ್ರಚಿಕಿತ್ಸೆಯ ಫಲವೇ ಕೈತಪ್ಪುತ್ತದೆ.

ಪಂಚಾಯತಿಯ ಪಾತ್ರ

ಪಂಚಾಯತಿಯೇ ಹಣ ಕೊಡಬಾರದೇ ಎಂಬ ಪ್ರಶ್ನೆ ಸಾಮಾನ್ಯ ಸಭೆಗಳಲ್ಲಿ ಬರುತ್ತದೆ. ಹಣಕಾಸು ಆಯೋಗದ ಅನುದಾನ ಸಾರ್ವಜನಿಕ ಸೇವೆಗಳಿಗೆ ಮೀಸಲು. ವ್ಯಕ್ತಿಯೊಬ್ಬರ ಆಸ್ಪತ್ರೆಯ ಬಿಲ್ಲನ್ನು ಅದರಿಂದ ಭರಿಸಲು ಅವಕಾಶವಿಲ್ಲ. ಕನಿಕರದಿಂದ ಠರಾವು ಮಾಡಿ ಪಾವತಿಸಿದರೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ, ವಸೂಲಾತಿಯ ಹೊಣೆ ಠರಾವಿಗೆ ಸಹಿ ಮಾಡಿದವರ ಮೇಲೆ ಬೀಳಬಹುದು. ಸ್ವಂತ ಸಂಪನ್ಮೂಲದಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲರಿಗಾಗಿ ಕಾಯ್ದಿರಿಸುವ ಭಾಗದಿಂದ ವೈಯಕ್ತಿಕ ನೆರವು ನೀಡುವಾಗ ಜಾರಿಯಲ್ಲಿರುವ ಮಾರ್ಗಸೂಚಿ, ಕ್ರಿಯಾಯೋಜನೆಯ ಅನುಮೋದನೆ ಮತ್ತು ಸಭೆಯ ನಡವಳಿ ಮೂರೂ ಸರಿಯಿರಬೇಕು.

ಹಣ ಕೊಡದೆಯೂ ಪಂಚಾಯತಿ ಬಹಳ ಮಾಡಬಲ್ಲದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಮಾಯದ ಕಾಲು ಹುಣ್ಣಿರುವವರ ಮನೆಗಳು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತವೆ. ಹೆಣ್ಣುಮಕ್ಕಳು ಸೀರೆಯ ಅಂಚಿನ ಕೆಳಗೆ ಮುಚ್ಚಿಟ್ಟುಕೊಂಡ ಹುಣ್ಣನ್ನು ಪುರುಷ ಸದಸ್ಯರ ಮುಂದೆ ಹೇಳುವುದಿಲ್ಲ; ಈ ವಿಚಾರಣೆಯನ್ನು ಮಹಿಳಾ ಸದಸ್ಯರಿಗೆ ವಹಿಸುವುದು ಸೂಕ್ತ. ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗಳು ಅವರನ್ನು ನೋಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೂ ಕಳುಹಿಸಬಹುದು. ಹುಣ್ಣಿರುವವರನ್ನು ಪಟ್ಟಿಯಲ್ಲಿ ಮೊದಲಿಡಬೇಕು. ನಾಲ್ಕೈದು ಜನರನ್ನು ಒಂದೇ ದಿನ, ಶಸ್ತ್ರಚಿಕಿತ್ಸಕರು ಹೊರರೋಗಿಗಳನ್ನು ನೋಡುವ ವಾರ ತಿಳಿದುಕೊಂಡು, ಒಬ್ಬ ಆಶಾ ಕಾರ್ಯಕರ್ತೆಯ ಜೊತೆ ಕಳುಹಿಸಿದರೆ ಅಲೆದಾಟ ಕಡಿಮೆ.

ಪಂಚಾಯತಿಯ ಸಿಬ್ಬಂದಿಯ ಕಾಲುಗಳ ಬಗ್ಗೆ ಪಂಚಾಯತಿಗೇ ನೇರ ಹೊಣೆಯಿದೆ. ಪಂಪ್‌ಹೌಸಿನಲ್ಲಿ ನೀರು ತುಂಬುವವರೆಗೆ ಕಾಯುವ ನೀರುಗಂಟಿಗೆ ಕೂರಲು ಒಂದು ಸ್ಟೂಲ್, ಕಸ ವಿಂಗಡಣೆ ಘಟಕದಲ್ಲಿ ಕುಳಿತು ಕೆಲಸ ಮಾಡಬಹುದಾದ ಎತ್ತರದ ಮೇಜು, ಶಸ್ತ್ರಚಿಕಿತ್ಸೆಯಾದವರಿಗೆ ಕೆಲವು ವಾರ ಹಗುರ ಕೆಲಸ, ಇವುಗಳಿಗೆ ಆಗುವ ಖರ್ಚು ಅತ್ಯಲ್ಪ.

ಆಸ್ಪತ್ರೆಗೆ ಹೊರಟವರ ಚೀಲದಲ್ಲಿ ಪಡಿತರ ಚೀಟಿ ಮತ್ತು ಆಧಾರ್‌ನ ಮೂಲ ಪ್ರತಿ ಹಾಗೂ ಜೆರಾಕ್ಸ್, ಹಳೆಯ ಸ್ಕ್ಯಾನ್ ವರದಿ, ಸೇವಿಸುತ್ತಿರುವ ಮಾತ್ರೆಗಳ ಚೀಟಿ ಇರಬೇಕು. ಯೋಜನೆಯ ವಿಷಯದಲ್ಲಿ ಸಂದೇಹ ಬಂದರೆ ರಾಜ್ಯದ ಆರೋಗ್ಯ ಸಹಾಯವಾಣಿ 104 ಹಾಗೂ ಆಯುಷ್ಮಾನ್ ಭಾರತ್ ಸಹಾಯವಾಣಿ 14555ಕ್ಕೆ ಕರೆ ಮಾಡಬಹುದು. ಈ ಎರಡು ಸಂಖ್ಯೆಗಳನ್ನು, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯ ಆರೋಗ್ಯ ಮಿತ್ರರ ಕೌಂಟರ್ ಇರುವ ಸ್ಥಳ ಮತ್ತು ಸಮಯವನ್ನು, ‘ಮುಂಗಡ ಕಟ್ಟುವ ಮೊದಲು ರೆಫರಲ್ ಪತ್ರ’ ಎಂಬ ಸಾಲಿನೊಂದಿಗೆ ಪಂಚಾಯತಿ ಕಚೇರಿ, ನ್ಯಾಯಬೆಲೆ ಅಂಗಡಿ ಹಾಗೂ ಹಾಲಿನ ಡೇರಿಯ ಸೂಚನಾ ಫಲಕಗಳಲ್ಲಿ ಬರೆಸಬಹುದು.